ಹೇಳದೆ ಉಳಿದ ಕೃತಜ್ಞತೆ

ಕಳೆದ ಮಳೆಗಾಲದಲ್ಲಿ ನಮ್ಮ ಗೆಳೆಯರೊಬ್ಬರು ಅಲ್ಲಾಹನೆಡೆಗೆ ಮರಳಿದರು. ನಾವು ನಾಲ್ವರು ಗೆಳೆಯರು. ಸುಮಾರು 20 ವರ್ಷಗಳಿಂದ ಸುಬ್‌ಹಿ ನಮಾಝ್ ಮುಗಿಸಿ, ಮಸೀದಿಯ ಎದುರಿನ ಸಣ್ಣ ಹೊಟೇಲಿನಲ್ಲಿ ಒಂದೊಂದು ಲೋಟ ಚಹಾ ಕುಡಿದು, ಅನಂತರವೇ ನಮ್ಮ ನಮ್ಮ ಕೆಲಸಕ್ಕೆ ಹೊರಡುವುದು ನಮ್ಮ ರೂಢಿಯಾಗಿತ್ತು. ಅಲ್ಲಿ ನಡೆಯುತ್ತಿದ್ದ ಮಾತುಕತೆಯಲ್ಲಿ ಘನವಾದುದೇನೂ ಇರಲಿಲ್ಲ. ಮಳೆ, ಮೀನಿನ ಬೆಲೆ, ಮಕ್ಕಳ ಪರೀಕ್ಷೆ, ಕೊಲ್ಲಿಯಿಂದ ಮರಳಿ ಬಂದವರ ಸುದ್ದಿ. ಹದಿನೈದು ನಿಮಿಷಗಳ ಆ ಕೂಟ ನಮ್ಮ ಬದುಕಿನ ದೊಡ್ಡ ಸುಖಗಳಲ್ಲಿ ಒಂದಾಗಿತ್ತು ಎಂಬುದು, ನಾಲ್ಕನೆಯ ಕುರ್ಚಿ ಖಾಲಿಯಾದ ಬಳಿಕವೇ ನಮಗೆ ಅರಿವಾಯಿತು.

ಆ ಗೆಳೆಯರು ಆಟೋರಿಕ್ಷಾ ಓಡಿಸುತ್ತಿದ್ದರು. ನಮ್ಮಲ್ಲಿ ಒಬ್ಬರ ತಾಯಿಗೆ ನಡುರಾತ್ರಿ ಎದೆನೋವು ಕಾಣಿಸಿದಾಗ, ಸುರಿಯುವ ಮಳೆಯಲ್ಲಿ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದವರು ಅವರು. ಇನ್ನೊಬ್ಬರು ಎಂಟು ವರ್ಷ ಸೌದಿಯಲ್ಲಿ ದುಡಿಯುತ್ತಿದ್ದಾಗ, ಅವರ ಮನೆಯ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದವರು ಅವರು. ಬಾಡಿಗೆಯ ಮಾತೆತ್ತಿದರೆ ಮುಖ ತಿರುಗಿಸಿ ನಗುತ್ತಿದ್ದರು. ನಾವು ಕೂಡ ಒತ್ತಾಯಿಸಲಿಲ್ಲ. ಗೆಳೆಯರ ನಡುವೆ ಉಪಕಾರಸ್ಮರಣೆಯ ಔಪಚಾರಿಕತೆ ಯಾಕೆಂದು ಸುಮ್ಮನಾದೆವು.

ಅವರ ಜನಾಝ ನಮಾಝ್‌ಗೆ ಮಸೀದಿಯ ಅಂಗಳ ಸಾಲಲಿಲ್ಲ. ದಫನ ಮುಗಿಸಿ ಮನೆಗೆ ಬಂದವರೆಲ್ಲ ಒಂದೊಂದು ನೆನಪು ಹೇಳಿದರು. ಯಾರದೋ ಹೆರಿಗೆಗೆ ಆಟೋ ತಂದದ್ದು, ಯಾರದೋ ಮದುವೆಗೆ ಸಾಲ ಮಾಡಿ ಕೊಟ್ಟದ್ದು, ಯಾವುದೋ ವೃದ್ಧರನ್ನು ಪ್ರತಿ ಶುಕ್ರವಾರ ಜುಮಾಕ್ಕೆ ಕರೆದೊಯ್ದದ್ದು. ಎಲ್ಲವನ್ನೂ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಅವರ ಕಿರಿಯ ಮಗ ನಮ್ಮ ಬಳಿ ಬಂದು ಕೇಳಿದ: "ಇಷ್ಟು ಜನ ಉಪ್ಪನ ಬಗ್ಗೆ ಹೀಗೆ ತಿಳಿದುಕೊಂಡಿದ್ದಾರೆ ಎಂದು ಉಪ್ಪನಿಗೆ ಗೊತ್ತಿತ್ತಾ?"

ನಮ್ಮ ಬಳಿ ಉತ್ತರವಿರಲಿಲ್ಲ. ಗೊತ್ತಿರಲಿಲ್ಲ ಎಂಬುದೇ ಸತ್ಯ. ಯಾಕೆಂದರೆ ನಾವು ಯಾರೂ ಹೇಳಿರಲಿಲ್ಲ.

ಆ ಹುಡುಗನ ಪ್ರಶ್ನೆ ನಮ್ಮ ಒಂದು ಮನೆಯ, ಒಂದು ಊರಿನ ಪ್ರಶ್ನೆಯಲ್ಲ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಸಮುದಾಯದ ನಾಲಗೆಯಲ್ಲಿ 'ಅಲ್‌ಹಮ್ದುಲಿಲ್ಲಾಹ್' ಎಂಬ ಪದಕ್ಕೆ ಬರವಿಲ್ಲ. ಕುಶಲ ಕೇಳಿದರೂ ಅದೇ, ಸೀನಿದರೂ ಅದೇ, ಊಟ ಮುಗಿದರೂ ಅದೇ. ಅದು ಒಳ್ಳೆಯದೇ. ಆದರೆ ಅಲ್ಲಾಹನ ಅನುಗ್ರಹವು ಯಾರ ಕೈಯಿಂದ ನಮ್ಮ ಬಾಗಿಲಿಗೆ ತಲುಪಿತೋ, ಆ ಕೈಯನ್ನು ನಾವು ನೋಡುವುದಿಲ್ಲ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಅರ್ಥದ ಪ್ರವಾದಿ(ಸ) ವಚನವನ್ನು ಮಿಂಬರಿನ ಮೇಲಿಂದ ಎಷ್ಟೋ ಸಲ ಕೇಳಿದ್ದೇವೆ. ಕೇಳಿ, ತಲೆದೂಗಿ, ಎದ್ದು ಬಂದಿದ್ದೇವೆ.

ಕುರ್‌ಆನ್‌ನಲ್ಲಿ 'ಶುಕ್ರ್' ಎಂಬುದಕ್ಕೆ ಎದುರಾಗಿ ಬರುವ ಪದ 'ಕುಫ್ರ್'. ಆ ಪದದ ಮೂಲ ಅರ್ಥ ಮುಚ್ಚುವುದು, ಮರೆಮಾಡುವುದು. ಪಡೆದ ಉಪಕಾರವನ್ನು ಮುಚ್ಚಿಡುವುದೇ ಕೃತಘ್ನತೆ ಎಂಬ ಒಳಾರ್ಥ ಇಲ್ಲಿದೆ. ನಿರಾಕರಿಸಿದರೆ ಮಾತ್ರ ಮುಚ್ಚಿದಂತಲ್ಲ, ಹೇಳದೆ ಉಳಿದರೂ ಉಪಕಾರ ಮುಚ್ಚಿಯೇ ಹೋಗುತ್ತದೆ. ಲುಕ್ಮಾನ್ ಅಧ್ಯಾಯದಲ್ಲಿ ಅಲ್ಲಾಹನು ತನಗೆ ಸಲ್ಲಬೇಕಾದ ಕೃತಜ್ಞತೆಯನ್ನೂ ತಂದೆತಾಯಿಗೆ ಸಲ್ಲಬೇಕಾದ ಕೃತಜ್ಞತೆಯನ್ನೂ ಒಂದೇ ಆಜ್ಞೆಯಲ್ಲಿ ಜೋಡಿಸಿದ್ದಾನೆ. ಸೃಷ್ಟಿಕರ್ತನಿಗೆ ಕೃತಜ್ಞತೆ ಸಲ್ಲಿಸಿದರೆ ಸೃಷ್ಟಿಗಳ ಲೆಕ್ಕ ಮುಗಿಯಿತೆಂದು ತಿಳಿಯಲು ಅಲ್ಲಿ ಆಸ್ಪದವೇ ಇಲ್ಲ.

ಸಣ್ಣ ಸಂತೋಷಗಳ ಬಗ್ಗೆ ಯೋಚಿಸುವಾಗಲೆಲ್ಲ ಪ್ರವಾದಿ(ಸ) ಜೀವನದ ಒಂದು ದಿನ ನಮ್ಮ ನೆನಪಿಗೆ ಬರುತ್ತದೆ. ಅಂದು ಹಸಿವು ತಾಳಲಾರದೆ ಅವರು ಮನೆಯಿಂದ ಹೊರಬಂದಿದ್ದರು. ದಾರಿಯಲ್ಲಿ ಅಬೂಬಕರ್(ರ) ಮತ್ತು ಉಮರ್(ರ) ಸಿಕ್ಕಿದರು. ಅವರನ್ನೂ ಮನೆಯಿಂದ ಹೊರಗೆ ತಂದದ್ದು ಅದೇ ಹಸಿವು. ಮೂವರೂ ಒಬ್ಬ ಅನ್ಸಾರಿ ಸಂಗಾತಿಯ ಮನೆಗೆ ಹೋದರು. ಅವರು ಸಿಹಿನೀರು ತರಲು ಹೋಗಿದ್ದರು. ಪತ್ನಿ ಅತಿಥಿಗಳನ್ನು ಸ್ವಾಗತಿಸಿದರು. ಮರಳಿ ಬಂದ ಆತಿಥೇಯರು ಸಂಭ್ರಮದಿಂದ ಅಲ್ಲಾಹನನ್ನು ಸ್ತುತಿಸಿದರು, ಇಂದು ತನಗಿಂತ ಗೌರವಾನ್ವಿತ ಅತಿಥಿಗಳನ್ನು ಪಡೆದವರು ಯಾರೂ ಇಲ್ಲ ಎಂದರು. ಮಾಗಿದ್ದೂ ಮಾಗದ್ದೂ ಇರುವ ಒಂದು ಖರ್ಜೂರದ ಗೊನೆ ತಂದಿಟ್ಟರು, ಕುರಿಯೊಂದನ್ನು ಕೊಯ್ದು ಉಣಬಡಿಸಿದರು. ಉಂಡು ಕುಡಿದು ತೃಪ್ತರಾದ ಬಳಿಕ ಪ್ರವಾದಿ(ಸ) ಸಂಗಾತಿಗಳಿಗೆ ತಿಳಿಸಿದ್ದು, ಈ ಅನುಗ್ರಹದ ಬಗ್ಗೆಯೂ ಅಂತಿಮ ದಿನ ವಿಚಾರಣೆಯಾಗಲಿದೆ ಎಂಬುದನ್ನು.

ಒಂದು ಹೊತ್ತಿನ ಊಟ, ಕುಡಿಯಲು ಸಿಹಿನೀರು, ಜೊತೆಗೆ ಕುಳಿತ ಇಬ್ಬರು ಗೆಳೆಯರು, ಮುಖವರಳಿಸಿ ಸ್ವಾಗತಿಸಿದ ಒಂದು ಮನೆ. ವಿಚಾರಣೆಯ ದಿನದಂದು ಲೆಕ್ಕಕ್ಕೆ ಬರುವಷ್ಟು ದೊಡ್ಡ ಅನುಗ್ರಹ ಅದು. ಹಾಗಾದರೆ 20 ವರ್ಷಗಳ ಬೆಳಗಿನ ಚಹಾದ ಲೆಕ್ಕ ಎಷ್ಟಾದೀತು?

ಇನ್ನೊಂದು ಘಟನೆ ಇದಕ್ಕಿಂತಲೂ ಚಿಕ್ಕದು. ಪ್ರವಾದಿ(ಸ) ಬಳಿ ಒಬ್ಬರು ಕುಳಿತಿದ್ದಾಗ ಇನ್ನೊಬ್ಬರು ಆ ದಾರಿಯಾಗಿ ಹಾದುಹೋದರು. ಕುಳಿತವರು, ಹೋಗುತ್ತಿರುವವರನ್ನು ತೋರಿಸಿ, ನಾನು ಇವರನ್ನು ಪ್ರೀತಿಸುತ್ತೇನೆ ಎಂದರು. ಅದನ್ನು ಅವರಿಗೆ ತಿಳಿಸಿದ್ದೀಯಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲವೆಂದಾಗ, ಹೋಗಿ ತಿಳಿಸುವಂತೆ ಹೇಳಿದರು. ಆ ವ್ಯಕ್ತಿ ಎದ್ದು, ಹಿಂದೆಯೇ ಹೋಗಿ, ಅಲ್ಲಾಹನಿಗಾಗಿ ನಿಮ್ಮನ್ನು ಪ್ರೀತಿಸುತ್ತೇನೆ ಎಂದು ತಿಳಿಸಿದರು. ಮನಸ್ಸಿನಲ್ಲಿದ್ದರೆ ಸಾಕು ಎನ್ನುವ ನಮ್ಮ ವಾದ ಇಲ್ಲಿ ನಿಲ್ಲುವುದಿಲ್ಲ. ಮನಸ್ಸಿನಲ್ಲಿರುವುದು ಅಲ್ಲಾಹನಿಗೆ ತಿಳಿಯುತ್ತದೆ, ಗೆಳೆಯನಿಗೆ ತಿಳಿಯುವುದಿಲ್ಲ.

ಇದಕ್ಕೆ ಆಕ್ಷೇಪವೂ ಇದೆ. ಸತ್ಕರ್ಮ ಮಾಡುವವನು ಕೃತಜ್ಞತೆಯನ್ನು ಬಯಸಬಾರದು, ಅದು ನಿಷ್ಕಳಂಕತೆಗೆ ಧಕ್ಕೆ ಎನ್ನುತ್ತಾರೆ. ಮುಖಸ್ತುತಿಯನ್ನು ಪ್ರವಾದಿ(ಸ) ಮೆಚ್ಚಲಿಲ್ಲ ಎಂದೂ ನೆನಪಿಸುತ್ತಾರೆ. ಎರಡೂ ಸರಿ. ಆದರೆ ಮೊದಲನೆಯದು ಕೊಟ್ಟವನಿಗೆ ಇರುವ ಪಾಠ, ಪಡೆದವನಿಗೆ ಸಿಕ್ಕ ವಿನಾಯಿತಿಯಲ್ಲ. ಕೊಟ್ಟವನು ನಿರೀಕ್ಷಿಸಬಾರದು, ಪಡೆದವನು ಮರೆಯಬಾರದು. ನಾವು ಕೊಟ್ಟವನ ಪಾಠವನ್ನು ನಮ್ಮ ಮೌನಕ್ಕೆ ನೆಪವಾಗಿಸಿಕೊಂಡಿದ್ದೇವೆ. ಇನ್ನು ಮುಖಸ್ತುತಿ ಇಲ್ಲದ ಗುಣವನ್ನು ಹೊಗಳುತ್ತದೆ, ಅಥವಾ ಇರುವುದನ್ನು ಮಿತಿಮೀರಿ ಹಿಗ್ಗಿಸುತ್ತದೆ. ಅಂದು ರಾತ್ರಿ ನೀವು ಬಂದುದರಿಂದ ನಮ್ಮ ತಾಯಿ ಆಸ್ಪತ್ರೆ ಸೇರಿದರು ಎನ್ನುವುದು ಸ್ತುತಿಯಲ್ಲ, ಸಾಕ್ಷ್ಯ. ಆ ಸಾಕ್ಷ್ಯವನ್ನು ನಾವು ಜನಾಝದ ದಿನ ನುಡಿದೆವು. ಅದು ವ್ಯರ್ಥವಲ್ಲ ಎಂಬ ವಿಶ್ವಾಸ ನಮಗಿದೆ. ಆದರೆ ಅವರು ಬದುಕಿದ್ದಾಗಲೇ ನುಡಿಯಬಹುದಿತ್ತು.

ನಮ್ಮ ಮನೆಯೊಳಗಿನ ಚಿತ್ರ ಇದಕ್ಕಿಂತ ಭಿನ್ನವಲ್ಲ. ರಮಝಾನ್‌ನಲ್ಲಿ ಇತರರಿಗಿಂತ ಒಂದು ಗಂಟೆ ಮೊದಲೇ ಎದ್ದು ಸಹರಿ ಸಿದ್ಧಪಡಿಸುವ, ಸಂಜೆ ಉಪವಾಸದಲ್ಲೇ ಒಲೆಯ ಮುಂದೆ ನಿಂತು ಇಫ್ತಾರ್ ತಯಾರಿಸುವ ಮಹಿಳೆಗೆ ನಾವು ಏನು ಹೇಳುತ್ತೇವೆ? ಉಪ್ಪು ಕಡಿಮೆಯಾದರೆ ಹೇಳುತ್ತೇವೆ. ಮದುವೆ ಮನೆಯ ಬಿರಿಯಾನಿ ಬೇಯಿಸಿದ ಬಾಣಸಿಗನ ಹೊಗಳಿಕೆಯನ್ನು ವಾರಗಟ್ಟಲೆ ಮಾತನಾಡುತ್ತೇವೆ. ಆದರೆ ಪ್ರವಾದಿ(ಸ) ತಮ್ಮ ಪತ್ನಿ ಖದೀಜಾ(ರ) ನಿಧನರಾಗಿ ವರ್ಷಗಳು ಕಳೆದ ಬಳಿಕವೂ, ಕುರಿ ಕೊಯ್ದಾಗಲೆಲ್ಲ ಅದರ ಮಾಂಸದ ಪಾಲನ್ನು ಖದೀಜಾರ ಗೆಳತಿಯರ ಮನೆಗಳಿಗೆ ಕಳುಹಿಸುತ್ತಿದ್ದರು. ಜನರೆಲ್ಲ ಕೈಬಿಟ್ಟ ಕಾಲದಲ್ಲಿ ಆಕೆ ತೋರಿದ ಬೆಂಬಲವನ್ನು ಅವರು ಇತರ ಪತ್ನಿಯರ ಮುಂದೆಯೂ ಮುಚ್ಚಿಡದೆ ಹೇಳುತ್ತಿದ್ದರು. ಕೃತಜ್ಞತೆಯು ಮರಣದ ಬಳಿಕವೂ ಮುಂದುವರಿಯಬೇಕಾದುದು, ಮರಣದ ಬಳಿಕ ಆರಂಭವಾಗಬೇಕಾದುದಲ್ಲ.

ಕೃತಜ್ಞತೆಗೆ ಧರ್ಮದ ಗಡಿಯೂ ಇಲ್ಲ. ತಾಯಿಫ್‌ನಿಂದ ನೊಂದು ಮರಳಿದ ಪ್ರವಾದಿ(ಸ) ಮಕ್ಕಾ ಪ್ರವೇಶಿಸಲು ಅಭಯ ನೀಡಿದವರು ಮುತ್‌ಇಮ್ ಬಿನ್ ಅದಿ. ಅವರು ಇಸ್ಲಾಮ್ ಸ್ವೀಕರಿಸಿದವರಲ್ಲ, ಹಾಗೆಯೇ ಮರಣ ಹೊಂದಿದರು. ಹಿಜರಿ 2ರಲ್ಲಿ ಬದ್ರ್ ಯುದ್ಧದ ಬಳಿಕ ಸೆರೆಯಾಳುಗಳ ವಿಚಾರ ಬಂದಾಗ, ಮುತ್‌ಇಮ್ ಬದುಕಿದ್ದು ಇವರ ಪರವಾಗಿ ಒಂದು ಮಾತು ಆಡಿದ್ದರೆ ಎಲ್ಲರನ್ನೂ ಅವರಿಗಾಗಿ ಬಿಟ್ಟುಬಿಡುತ್ತಿದ್ದೆ ಎಂಬ ಅರ್ಥದ ಮಾತನ್ನು ಪ್ರವಾದಿ(ಸ) ಆಡಿದರು. ಪಕ್ಷಗಳು ಖಡ್ಗ ಹಿಡಿದು ನಿಂತಿದ್ದ ಕಾಲದಲ್ಲೂ ಎದುರು ಪಕ್ಷದ ಒಬ್ಬ ವ್ಯಕ್ತಿಯ ಹಳೆಯ ಉಪಕಾರ ಅವರ ನೆನಪಿನಿಂದ ಮಾಸಿರಲಿಲ್ಲ. ನೆರೆಯವರನ್ನು ಹೆಸರು ಕೇಳಿ ಅಳೆಯುವ ಕಾಲದಲ್ಲಿ ಬದುಕುತ್ತಿರುವ ಕರಾವಳಿಯ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಈ ಮಾತು ಹೊಳೆದಾಗ ನಮಗೆ ನಾಚಿಕೆಯಾಯಿತು. ಮಸೀದಿಯ ಎದುರಿನ ಆ ಹೊಟೇಲಿನ ಮಾಲಕರು ಹಿಂದೂ ಸಹೋದರರು. ನಮ್ಮ ನಮಾಝ್ ಮುಗಿಯುವ ವೇಳೆಗೆ ಒಲೆ ಹಚ್ಚಿರಬೇಕೆಂದು ಇಷ್ಟು ವರ್ಷ ಕತ್ತಲಲ್ಲೇ ಬಂದು ಬಾಗಿಲು ತೆರೆದವರು. ಗೆಳೆಯರ ಜನಾಝದ ದಿನ ಹೊಟೇಲು ಮುಚ್ಚಿ, ಖಬರಸ್ತಾನದ ಗೇಟಿನ ಹೊರಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಚಹಾಕ್ಕೆ ಹಣ ಕೊಡುತ್ತೇವಲ್ಲ ಎಂದು ನಾವು ಅವರ ಲೆಕ್ಕವನ್ನು ಅಂದಂದೇ ಮುಗಿಸಿಬಿಟ್ಟಿದ್ದೆವು.

ಮರುದಿನ ನಾವು ಮೂವರೂ ಅವರಿಗೆ ಹೇಳಿದೆವು. ಮಾತು ಸಲೀಸಾಗಿ ಬರಲಿಲ್ಲ. ಒಬ್ಬರು ಆರಂಭಿಸಿದರು, ಇನ್ನೊಬ್ಬರು ಮುಗಿಸಿದರು. ಅವರು ಹೆಗಲ ಮೇಲಿನ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ, "ಎಂತ ಮಾರಾಯ್ರೆ, ಒಂದು ಚಾಯಕ್ಕೆ ಇಷ್ಟೆಲ್ಲ ಉಂಟಾ?" ಎಂದು ನಕ್ಕರು. ಅನಂತರ ಸ್ವಲ್ಪ ಹೊತ್ತು ಒಳಗಿನಿಂದ ಹೊರಬರಲಿಲ್ಲ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ವಿನಂತಿ. 'ಜಝಾಕಲ್ಲಾಹು ಖೈರನ್' ಎಂಬುದು ಪ್ರವಾದಿ(ಸ) ಕಲಿಸಿದ ತುಂಬು ಪ್ರಾರ್ಥನೆ. ಉಪಕಾರಿಗೆ ಅಲ್ಲಾಹನು ಉತ್ತಮ ಪ್ರತಿಫಲ ನೀಡಲಿ ಎಂಬ ಹಾರೈಕೆ. ಇಂದು ಅದನ್ನು ಮೊಬೈಲಿನಲ್ಲಿ ಮೂರು ಅಕ್ಷರಗಳಿಗೆ ಇಳಿಸಿ, ಯಾರಿಗೆ ಯಾಕೆ ಎಂಬುದೂ ನೆನಪಿಲ್ಲದಂತೆ ಕಳುಹಿಸುತ್ತಿದ್ದೇವೆ. ವಾರಕ್ಕೆ ಒಬ್ಬರನ್ನಾದರೂ ಮುಖಾಮುಖಿ ಕಂಡು, ಅವರು ಮಾಡಿದ ಉಪಕಾರವನ್ನು ಹೆಸರಿಸಿ, ಆ ಪ್ರಾರ್ಥನೆಯನ್ನು ಪೂರ್ತಿಯಾಗಿ ಹೇಳೋಣ. ಸಹೋದರ ಧರ್ಮೀಯರಾದರೆ ಅವರ ಭಾಷೆಯಲ್ಲೇ ಹೇಳೋಣ. ಹಳೆಯ ಮೇಷ್ಟರು, ಮದ್ರಸದ ಉಸ್ತಾದರು, ಕಷ್ಟಕಾಲದಲ್ಲಿ ಸಾಲ ಕೊಟ್ಟು ಕೇಳದೆ ಉಳಿದ ಗೆಳೆಯ, ಮನೆಯೊಳಗಿರುವ ಪತ್ನಿ, ತಾಯಿ. ಪಟ್ಟಿ ಮಾಡಲು ಕುಳಿತರೆ ಅದು ಮುಗಿಯುವುದಿಲ್ಲ. ನಮ್ಮ ಆಯುಷ್ಯವೂ ಅವರ ಆಯುಷ್ಯವೂ ಮುಗಿಯುತ್ತವೆ.

ನಮ್ಮ ಗೆಳೆಯರಿಗೆ ಹೇಳುವ ಅವಕಾಶ ನಮಗೆ ತಪ್ಪಿಹೋಯಿತು. ಈಗ ಉಳಿದಿರುವುದು ಅವರಿಗಾಗಿ ಮಾಡುವ ಪ್ರಾರ್ಥನೆ, ಮತ್ತು ಅವರ ಕಿರಿಯ ಮಗನನ್ನು ಮಳೆಯ ದಿನಗಳಲ್ಲಿ ಶಾಲೆಗೆ ಬಿಟ್ಟು ಬರುವ ಒಂದು ಸಣ್ಣ ಕೆಲಸ. ಆ ದಾರಿಯಲ್ಲಿ ಅವನ ಉಪ್ಪನ ಬಗ್ಗೆ ದಿನಕ್ಕೊಂದು ನೆನಪು ಹೇಳುತ್ತೇವೆ. ಉಪಕಾರವನ್ನು ಮುಚ್ಚಿಡದ, ಹೇಳಬೇಕಾದ ಒಳ್ಳೆಯ ಮಾತನ್ನು ನಾಳೆಗೆ ಮುಂದೂಡದ ದಾಸರಲ್ಲಿ ಅಲ್ಲಾಹನು ನಮ್ಮನ್ನೂ ನಿಮ್ಮನ್ನೂ ಸೇರಿಸಲಿ. ಆಮೀನ್.