ಹೆರಿಗೆಯ ಲೆಕ್ಕ ಮೂರನೇ ತಿಂಗಳಲ್ಲೇ ಆಗಲಿ



ಆಸ್ಪತ್ರೆಗೆ ತೆರುವ ದುಡ್ಡಿನಲ್ಲಿ ಮೊದಲೇ ಹೇಳಿ ಬರುವ ಖರ್ಚು ಹೆರಿಗೆಯದೊಂದೇ. ಹೃದಯಾಘಾತಕ್ಕೆ, ಅಪಘಾತಕ್ಕೆ ತಾರೀಕಿಲ್ಲ. ಹೆರಿಗೆಗೆ ಡಾಕ್ಟರು ತಾರೀಕನ್ನೇ ಬರೆದುಕೊಡುತ್ತಾರೆ. ಹಾಗಿದ್ದೂ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಮತ್ತಿಕೆರೆ, ಆರ್.ಟಿ. ನಗರದ ಎಷ್ಟೋ ಮನೆಗಳಲ್ಲಿ ದುಡ್ಡಿನ ಮಾತು ಶುರುವಾಗುವುದು ನೋವು ಕಾಣಿಸಿಕೊಂಡ ರಾತ್ರಿ, ಬಿಲ್ಲಿಂಗ್ ಕೌಂಟರಿನ ಮುಂದೆ. ಆ ಹೊತ್ತಿನಲ್ಲಿ ಯಾರಿಗೂ ಯೋಚಿಸಲು ಪುರುಸೊತ್ತಿರುವುದಿಲ್ಲ. ಕೇಳಿದಷ್ಟು ಅಡ್ವಾನ್ಸ್ ಕಟ್ಟಿ, ತೋರಿಸಿದ ಕಡೆ ಸಹಿ ಹಾಕುತ್ತಾರೆ. ಮುಂದಿನ ವಾರ ಒಡವೆ ಅಡಕ್ಕೆ ಹೋಗುತ್ತದೆ, ಇಲ್ಲವೇ ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಬೇಕಾಗುತ್ತದೆ.

ಈ ಲೆಕ್ಕವನ್ನು ಮೂರನೇ ತಿಂಗಳಲ್ಲೇ ಮನೆಯವರೆಲ್ಲ ಕೂತು ಹಾಕಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ತಾಯಿ ಕಾರ್ಡ್. ಖಾಸಗಿ ಆಸ್ಪತ್ರೆಯಲ್ಲೇ ತೋರಿಸುತ್ತೀರಾದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ, ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಯಾವಾಗ ಯಾವ ಬಾಗಿಲು ತಟ್ಟಬೇಕಾಗುತ್ತದೋ ಹೇಳಲಾಗದು. 2022ರ ನವೆಂಬರಿನಲ್ಲಿ ಅವಳಿ ಮಕ್ಕಳನ್ನು ಹೊತ್ತ ಬಡ ಹೆಣ್ಣುಮಗಳೊಬ್ಬಳನ್ನು ತಾಯಿ ಕಾರ್ಡ್ ಇಲ್ಲವೆಂದು ತುಮಕೂರು ಜಿಲ್ಲಾಸ್ಪತ್ರೆಯಿಂದ ವಾಪಸ್ ಕಳಿಸಿದ್ದರು. ಆಕೆಯೂ ಎರಡು ಕೂಸುಗಳೂ ಮನೆಯಲ್ಲೇ ತೀರಿಕೊಂಡರು. ಕಾರ್ಡಿಲ್ಲ ಎಂದು ಯಾರನ್ನೂ ಹೊರಗೆ ಕಳಿಸಬಾರದು. ಆದರೆ ಅದನ್ನು ಅಲ್ಲಿ ನಿಂತು ವಾದಿಸುವ ಸ್ಥಿತಿಯಲ್ಲಿ ದಿನ ತುಂಬಿದ ಬಸುರಿ ಇರುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಇದು ಯಾರೋ ಕೃಪೆಯಿಂದ ಕೊಡುವುದಲ್ಲ. 2011ರ ಜೂನ್‌ನಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹಕ್ಕು. ಸಿಸೇರಿಯನ್, ಔಷಧಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ರಕ್ತ, ಸಹಜ ಹೆರಿಗೆಯಾದರೆ ಮೂರು ದಿನ ಮತ್ತು ಸಿಸೇರಿಯನ್ ಆದರೆ ಏಳು ದಿನ ಊಟ, ಹೋಗಲು 108, ಮನೆಗೆ ಬರಲು ನಗು-ಮಗು ವಾಹನ, ಎಲ್ಲವೂ ಇದರಲ್ಲಿ ಸೇರಿವೆ. ಕೂಸಿಗೆ ಹುಷಾರಿಲ್ಲದಿದ್ದರೆ ಒಂದು ವರ್ಷದವರೆಗೆ ಅದರ ಚಿಕಿತ್ಸೆಯೂ. ನಮ್ಮ ಕಡೆಯವರಿಗೆ ಯಲಹಂಕದ ಸರ್ಕಾರಿ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್, ಶಿವಾಜಿನಗರದ ಘೋಷಾ ಆಸ್ಪತ್ರೆ ಇವೆ. ಪ್ರಕರಣ ಬಿಗಡಾಯಿಸಿದರೆ ವಾಣಿವಿಲಾಸವಿದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಕೇಂದ್ರಗಳಲ್ಲಿ ಬಸುರಿಯರಿಗೆ ಡಾಕ್ಟರ ತಪಾಸಣೆ ಉಚಿತ.

ಸರ್ಕಾರಿ ಆಸ್ಪತ್ರೆಯೆಂದರೆ ಭಯವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿದ್ದಾಗ, ಹೆದರದ ಮನೆಯಿಲ್ಲ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ವಾರ್ಡಿನಲ್ಲಿ ಕೈಚಾಚುವ ಪಿಡುಗೂ ಇನ್ನೂ ಸತ್ತಿಲ್ಲ. ಕೊಡಬೇಡಿ, ಅಲ್ಲಿನ ವೈದ್ಯಾಧಿಕಾರಿಗೆ ಹೇಳಿ, ಲೋಕಾಯುಕ್ತಕ್ಕೆ ದೂರು ಕೊಡಿ. ದನಿ ಇದ್ದವರು ಸರ್ಕಾರಿ ಆಸ್ಪತ್ರೆ ಬಿಟ್ಟು ಹೋದಷ್ಟೂ ಅಲ್ಲಿ ಉಳಿದ ಬಡವರನ್ನು ಕೇಳುವವರು ಕಡಿಮೆಯಾಗುತ್ತಾರೆ. ಐದನೇ ತಿಂಗಳಲ್ಲಿ ಒಮ್ಮೆ ಹೋಗಿ ವಾರ್ಡು ನೋಡಿ, ಡಾಕ್ಟರನ್ನು ಮಾತಾಡಿಸಿ, ಆಮೇಲೆ ತೀರ್ಮಾನಿಸಿ.

ಖಾಸಗಿ ಆಸ್ಪತ್ರೆಯೇ ಆಗಲಿ ಎನ್ನುವವರು 'ಪ್ಯಾಕೇಜ್' ಎಂಬ ಹಾಳೆಯನ್ನು ಸಾಲು ಸಾಲಾಗಿ ಓದಿ. ಅದರಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದು ಮುಖ್ಯ. ಮಕ್ಕಳ ಡಾಕ್ಟರ ಭೇಟಿ, ಅರಿವಳಿಕೆಯವರ ಶುಲ್ಕ, ಗ್ಲೌಸು-ಸಿರಿಂಜಿನಂಥ ಬಳಸಿ ಎಸೆಯುವ ಸಾಮಾನು ಎಷ್ಟೋ ಕಡೆ ಹೊರಗೇ ಉಳಿದಿರುತ್ತವೆ. 'ಮಗುವನ್ನು ಗ್ಲಾಸಿನಲ್ಲಿ ಇಟ್ಟಿದ್ದಾರೆ' ಎಂದು ನಾವು ಹೇಳುವ ಎನ್‌ಐಸಿಯು ದಿನಗಳ ಬಿಲ್ಲು ಪೂರ್ತಿ ಬೇರೆ. ಹೆರಿಗೆಯ ಬಿಲ್ಲನ್ನೂ ಅದು ಮೀರಬಹುದು. ಬಹಳ ಕಡೆ ರೂಮಿನ ದರ್ಜೆ ಏರಿದರೆ ಬಾಡಿಗೆಯೊಂದೇ ಅಲ್ಲ, ಆಪರೇಷನ್ ಥಿಯೇಟರಿನ ದರ, ಡಾಕ್ಟರ ಶುಲ್ಕವೂ ಏರುತ್ತವೆ. ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಕಾಣದಿದ್ದರೆ ಕೇಳಿ, ಸಂಕೋಚ ಬೇಡ. ಸಿಸೇರಿಯನ್ ದರವನ್ನೂ ಈಗಲೇ ಕೇಳಿಟ್ಟುಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ. 31.5ರಷ್ಟು ಹೆರಿಗೆಗಳು ಸಿಸೇರಿಯನ್. ಖಾಸಗಿಯಲ್ಲಿ ಪ್ರಮಾಣ ಇನ್ನೂ ಹೆಚ್ಚು. ಇನ್ಶೂರೆನ್ಸ್ ಇದೆ ಎಂದು ನೆಮ್ಮದಿಯಾಗಿರುವವರು ಪಾಲಿಸಿ ತೆಗೆದು ನೋಡಿ: ಸ್ವಂತಕ್ಕೆ ಮಾಡಿಸಿದ ಪಾಲಿಸಿಗಳಲ್ಲಿ ಹೆರಿಗೆಗೆ ಎರಡು ವರ್ಷವೋ ನಾಲ್ಕು ವರ್ಷವೋ ಕಾಯಬೇಕೆಂಬ ಷರತ್ತು ಸಾಮಾನ್ಯ.

ಪೀಣ್ಯ, ಯಶವಂತಪುರದ ಗಾರ್ಮೆಂಟ್ಸ್ ಅಕ್ಕ-ತಂಗಿಯರೇ, ನಿಮ್ಮ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಹೆರಿಗೆ ಆ ಆಸ್ಪತ್ರೆಯಲ್ಲಿ ಉಚಿತ; ಅದರ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಪೂರ್ತಿ ಸಂಬಳ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಬಿದ್ದಿರಬೇಕು, ಅಷ್ಟೇ. ಕಂಟ್ರಾಕ್ಟರು ಹಿಡಿದ ದುಡ್ಡನ್ನು ನಿಜಕ್ಕೂ ಕಟ್ಟಿದ್ದಾನೆಯೇ ಎಂದು ಈ ತಿಂಗಳೇ ಇಎಸ್‌ಐ ಕಚೇರಿಯಲ್ಲಿ ಕೇಳಿ. ಯಾದಗಿರಿ, ರಾಯಚೂರಿನಿಂದ ಬಂದು ಯಲಹಂಕದ ಆಚೆ ಶೆಡ್ಡುಗಳಲ್ಲಿರುವ ಗಾರೆ ಕೆಲಸದವರು ಲೇಬರ್ ಕಾರ್ಡ್ ಮಾಡಿಸಿಟ್ಟುಕೊಂಡರೆ ಕಟ್ಟಡ ಕಾರ್ಮಿಕರ ಮಂಡಳಿಯಿಂದ ಹೆರಿಗೆ ಸಹಾಯಧನವಿದೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000, ಅಂಗನವಾಡಿಯಲ್ಲಿ ವಿಚಾರಿಸಿ. ಜನನಿ ಸುರಕ್ಷಾ ಯೋಜನೆಯಲ್ಲಿ ನಗರದ ಬಡ ತಾಯಿಗೆ ಸಿಗುವುದು 600 ರೂಪಾಯಿ. ಇಂದಿನ ಬೆಂಗಳೂರಿನಲ್ಲಿ ಅದು ಏನಕ್ಕೂ ಸಾಲದು, ಸರ್ಕಾರ ಹೆಚ್ಚಿಸಲೇಬೇಕು.

ತವರಿನವರ ಪರವಾಗಿಯೂ ಒಂದು ಮಾತು. ಮೊದಲ ಹೆರಿಗೆ ತವರಿನದು ಎಂಬ ರೂಢಿ ಹುಟ್ಟಿದ್ದು ಹುಡುಗಿಗೆ ಅಮ್ಮನ ಆರೈಕೆ ಸಿಗಲಿ ಎಂದು. ಬಿಲ್ಲು ಅಪ್ಪನ ತಲೆಗೆ ಕಟ್ಟಲೆಂದಲ್ಲ. ಗಂಡನ ಮನೆಯವರು ಮುಂದೆ ಬಂದು 'ಆಸ್ಪತ್ರೆ ಖರ್ಚು ನಮ್ಮದು' ಎನ್ನಿ. ಸೀಮಂತ ಮಾಡಿ, ಬಳೆ ತೊಡಿಸಿ, ಹೊಟ್ಟೆ ತುಂಬ ಊಟ ಹಾಕಿ. ಅದಕ್ಕೆ ಮನೆಯ ಅಂಗಳ ಸಾಕು. ಹಾಲ್ ಬಾಡಿಗೆ, ವೇದಿಕೆ ಅಲಂಕಾರ, ಫೋಟೋಶೂಟಿಗೆ ಹೋಗುವ ಹಣ ಬಾಣಂತನಕ್ಕೆ ಉಳಿಯಲಿ. ಹೆರಿಗೆಯಾದ ಮೇಲಿನ ಮೂರು ತಿಂಗಳು ಅವಳಿಗೆ ಬೇಕಾದದ್ದು ಹಾಲು, ಮೊಟ್ಟೆ, ತುಪ್ಪ, ಸಬ್ಬಸಿಗೆ ಸೊಪ್ಪು, ಎಣ್ಣೆ-ನೀರು ಹಾಕಲು ಒಂದು ಕೈ, ರಾತ್ರಿ ಮಗುವನ್ನೆತ್ತಿಕೊಳ್ಳಲು ಇನ್ನೊಂದು ಕೈ. ಲಸಿಕೆಗೆ ಸಾವಿರಾರು ರೂಪಾಯಿ ಕೊಡಲೇಬೇಕೆಂದೇನಿಲ್ಲ; ರಾಷ್ಟ್ರೀಯ ಪಟ್ಟಿಯ ಲಸಿಕೆಗಳೆಲ್ಲ ಆರೋಗ್ಯ ಕೇಂದ್ರದಲ್ಲಿ ಉಚಿತ.

ಅಪಾರ್ಟ್‌ಮೆಂಟುಗಳಲ್ಲಿರುವ ಗೆಳೆಯರೇ, ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳಿಗೆ ಇಎಸ್‌ಐ ಇಲ್ಲ, ಹೆರಿಗೆ ರಜೆ ಇಲ್ಲ. ಏಳನೇ ತಿಂಗಳಲ್ಲಿ ಅವಳ ಜಾಗಕ್ಕೆ ಬೇರೆಯವರನ್ನು ಹುಡುಕಬೇಡಿ. ನಾಲ್ಕು ಮನೆಯವರು ಸೇರಿ ಮೂರು ತಿಂಗಳ ಸಂಬಳ ಕೊಡಿ, ಕೆಲಸ ಉಳಿಸಿಡಿ. ಬರುವ 9ನೇ ತಾರೀಕು ಬೆಳಿಗ್ಗೆ ಅವಳಿಗೆ ರಜೆ ಕೊಟ್ಟು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ನೀವೇ ಜೊತೆಗೆ ಹೋಗಿ ತಾಯಿ ಕಾರ್ಡ್ ಮಾಡಿಸಿಕೊಡಿ.