ಆಜ್ಞೆಯೋ, ಉಪವಿಧಿಯೋ?

ಒಮ್ಮೆ ಬರೆದಿಟ್ಟ ಲೆಕ್ಕದ ಕ್ರಮವನ್ನು ಮತ್ತೆ ಮತ್ತೆ ಬಳಸಿಕೊಳ್ಳಬೇಕೆಂಬುದು ಪ್ರೋಗ್ರಾಂ ರಚನೆಯಷ್ಟೇ ಹಳೆಯ ಮಾತು. 1949ರಲ್ಲಿ ಕೆಲಸ ಆರಂಭಿಸಿದ ಕೇಂಬ್ರಿಜ್ಜಿನ ಎಡ್‌ಸ್ಯಾಕ್ ಗಣಕಯಂತ್ರಕ್ಕೆ ವಿಲ್ಕ್ಸ್, ವ್ಹೀಲರ್, ಗಿಲ್ ಎಂಬ ಮೂವರು ಉಪವಿಧಿಗಳ, ಎಂದರೆ ಪ್ರೋಗ್ರಾಮಿನೊಳಗಿಂದ ಹೆಸರು ಹಿಡಿದು ಕರೆಯಬಹುದಾದ ಕಿರುಭಾಗಗಳ, ಭಂಡಾರವನ್ನೇ ಕಟ್ಟಿದರು. ಆದರೆ ಮರುಬಳಕೆಗೆ ಇನ್ನೊಂದು ದಾರಿಯೂ ಉಂಟು. ಎರಡರ ಬೆಲೆ ಒಂದೇ ಅಲ್ಲ. ಇದನ್ನು ತರಗತಿಗಳಲ್ಲಿ ಸಾಕಷ್ಟು ಒತ್ತಿ ಹೇಳುತ್ತಿಲ್ಲವೆಂಬುದೇ ನನ್ನ ಆಕ್ಷೇಪ.

ಯುನಿಕ್ಸ್ ಮಾದರಿಯ ಲಿನಕ್ಸನ್ನು ತೆಗೆದುಕೊಳ್ಳಿ. ಇಲ್ಲಿ ನಮ್ಮ ಆಜ್ಞೆಗಳನ್ನು ಓದಿ ನಡೆಸತಕ್ಕ ಪ್ರೋಗ್ರಾಮಿಗೆ ‘ಷೆಲ್’ ಎಂದು ಹೆಸರು. ನಾವು ಬರೆದ ಪುಟ್ಟ ಪ್ರೋಗ್ರಾಮೊಂದನ್ನು ಕಡತದಲ್ಲಿಟ್ಟು ಹೆಸರು ಕೊಟ್ಟರೆ ಅದು ವ್ಯವಸ್ಥೆಯ ಸ್ವಂತ ಆಜ್ಞೆಯಂತೆಯೇ ನಡೆಯುತ್ತದೆ. ಸೊಗಸಾದ ಏರ್ಪಾಡು! ಆದರೆ ಪ್ರತಿಸಲ ಅದನ್ನು ಕರೆದಾಗಲೂ ನಡೆಯುವುದೇನು? ಷೆಲ್ ತನ್ನದೇ ಪ್ರತಿರೂಪವೊಂದನ್ನು ಸೃಷ್ಟಿಸುತ್ತದೆ. ಆ ಪ್ರತಿರೂಪವು ತನ್ನನ್ನು ಅಳಿಸಿಕೊಂಡು ಹೊಸ ಪ್ರೋಗ್ರಾಮನ್ನು ಸ್ಮೃತಿಗೆ ತುಂಬಿಕೊಳ್ಳುತ್ತದೆ. ಭಂಡಾರದಿಂದ ಬೇಕಾದ ಭಾಗಗಳನ್ನು ಜೋಡಿಸಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ಎಲ್ಲವೂ ವಿಸರ್ಜನೆ. ಒಂದು ಲೋಟ ಕಾಫಿಗೆಂದು ಹೊಸ ಸಂಸಾರವನ್ನೇ ಹೂಡಿ, ಕುಡಿದೊಡನೆ ಮನೆ ಖಾಲಿ ಮಾಡಿದಂತೆ! ಅದನ್ನೇ ಷೆಲ್ಲಿನೊಳಗೆ ಉಪವಿಧಿಯಾಗಿ ಬರೆದರೆ, ನಡೆಯುತ್ತಿರುವ ಪ್ರೋಗ್ರಾಮು ಒಂದು ಹೆಜ್ಜೆ ಪಕ್ಕಕ್ಕಿಟ್ಟು ಹಿಂದಿರುಗುತ್ತದೆ, ಅಷ್ಟೆ.

ಮೊದಲನೆಯದಕ್ಕೆ 1 ಮಿಲಿಸೆಕೆಂಡು, ಎರಡನೆಯದಕ್ಕೆ 5 ಮೈಕ್ರೊಸೆಕೆಂಡು ಹಿಡಿಯುವುದೆನ್ನೋಣ. ಒಮ್ಮೆ ಕರೆದರೆ ವ್ಯತ್ಯಾಸ ಯಾರಿಗೂ ತಿಳಿಯದು. ಪ್ರಯೋಗಶಾಲೆಯ 1,00,000 ಅಳತೆಗಳನ್ನು ಒಂದೊಂದಾಗಿ ತಿದ್ದಬೇಕಾದಾಗ, ಆಜ್ಞೆಯ ದಾರಿಯಲ್ಲಿ ಬರಿಯ ಕರೆಗೇ 100 ಸೆಕೆಂಡು ವ್ಯಯ. ಉಪವಿಧಿಗೆ ಅರ್ಧ ಸೆಕೆಂಡು. ವಿದ್ಯಾರ್ಥಿಯು ಯಂತ್ರ ಹಳೆಯದೆಂದು ದೂರುತ್ತಾನೆ.

ಹಾಗೆಂದು ಆಜ್ಞೆಗಳನ್ನು ತ್ಯಜಿಸಬೇಕೆನ್ನುವವರ ಪಕ್ಷ ನನ್ನದಲ್ಲ. ಆಜ್ಞೆಗೆ ತನ್ನದೇ ಸ್ಮೃತಿಯುಂಟಾದುದರಿಂದ ಅದರೊಳಗಿನ ದೋಷ ಕರೆದವನ ಸ್ಮೃತಿಯನ್ನು ಕೆಡಿಸದು; ಬೇರೆ ಭಾಷೆಯ ಪ್ರೋಗ್ರಾಮುಗಳೂ ಅದನ್ನು ಕರೆಯಬಹುದು. ಅಷ್ಟೇ ಅಲ್ಲ, 1977ರಲ್ಲಿ ಬೆಲ್ ಪ್ರಯೋಗಾಲಯದ ಆಹೊ, ವೈನ್‌ಬರ್ಗರ್, ಕರ್ನಿಗನ್ ರಚಿಸಿದ ‘ಆಕ್’ ಎಂಬ ಆಜ್ಞೆಗೆ ಅಳತೆಗಳ ಇಡೀ ಕಡತವನ್ನು ಒಂದೇ ಸಲ ಒಪ್ಪಿಸಿದರೆ, ಆ ಮಿಲಿಸೆಕೆಂಡಿನ ಸುಂಕ ಒಮ್ಮೆ ಮಾತ್ರ. ಸಾಲುಸಾಲಾಗಿ ತೆವಳುವ ಷೆಲ್ಲಿನ ಉಪವಿಧಿ ಆಗ ಸೋಲುತ್ತದೆ. ಗಡಿಯನ್ನು ಎಷ್ಟು ಬಾರಿ ದಾಟುತ್ತೇವೆ ಎಂಬುದೇ ಇಲ್ಲಿ ಎಣಿಸತಕ್ಕ ಅಂಶ.

ಯಂತ್ರವನ್ನು ದೂರುವ ಮುನ್ನ ‘ಟೈಮ್’ ಎಂಬ ಆಜ್ಞೆಯ ಹಿಂದೆ ನಿಮ್ಮ ಪ್ರೋಗ್ರಾಮಿನ ಹೆಸರನ್ನು ಸೇರಿಸಿ ನಡೆಸಿ ನೋಡಿ. ಅದು ಕೊಡುವ ಮೂರು ಅಂಕಿಗಳಲ್ಲಿ ‘ಸಿಸ್’ ಎಂಬುದು ವ್ಯವಸ್ಥೆಯೇ ನುಂಗಿದ ಕಾಲ. ಮೇಲಿನ ಅಳತೆಗಳನ್ನು ಎರಡೂ ದಾರಿಗಳಲ್ಲಿ ತಿದ್ದಿ, ಆ ಒಂದು ಅಂಕಿಯನ್ನು ಹೋಲಿಸಿರಿ.