ಕಿರಿಯರೊಡನೆ ಒಂದಿಷ್ಟು: ಅಪ್ಪನ ಹೋಟೆಲೂ ಪರಿಸರದ ಪಾಠವೂ



ಕಳೆದ ತಿಂಗಳು ನಮ್ಮ ಸಂಘದ ಯುವ ವಿಭಾಗದವರು ‘ಪರಿಸರ ಮತ್ತು ನಾವು’ ಎಂಬ ಚರ್ಚಾಕೂಟ ಏರ್ಪಡಿಸಿದ್ದರು. ಅಧ್ಯಕ್ಷತೆಗೆ ನನ್ನನ್ನು ಕೂರಿಸಿದ್ದರು. ಭಾಷಣಗಳೆಲ್ಲ ಚೆನ್ನಾಗಿಯೇ ಇದ್ದವು. ಹಿಮಾಲಯದ ಹಿಮನದಿ, ಅಮೆಜಾನಿನ ಕಾಡು, ಪಶ್ಚಿಮ ಘಟ್ಟ ಎಲ್ಲವೂ ಬಂದುಹೋದವು. ಕೊನೆಗೆ ಎಂ.ಕಾಂ. ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ಮುಂಬಯಿ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಅಂಕಲ್, ನಾನು ಕಾಲೇಜಲ್ಲಿ ಪರಿಸರ ನಿರ್ವಹಣೆ ಅಂತ ನೂರು ಮಾರ್ಕಿನ ಪೇಪರ್ ಬರೀತೇನೆ. ಮನೆಗೆ ಬಂದು ಅಪ್ಪನ ಹೋಟೆಲ್ ನೋಡಿದರೆ ಅದರಲ್ಲಿ ಒಂದೂ ಇಲ್ಲ. ಕೇಳಿದರೆ ಅಪ್ಪ, ‘ಒಂದು ದಿನ ಗಲ್ಲಾದಲ್ಲಿ ಕೂತು ನೋಡು, ಆಮೇಲೆ ಪಾಠ ಹೇಳು’ ಅಂತಾರೆ. ತಪ್ಪು ಯಾರದು?”

ಸಭೆಯಲ್ಲಿ ನಗು ಎದ್ದಿತು. ಆದರೆ ಅವಳು ನಗಲಿಲ್ಲ. ಅವಳ ಅಪ್ಪ ಹಿಂದಿನ ಸಾಲಿನಲ್ಲೇ ಕುಳಿತಿದ್ದರು, ಅವರೂ ನಗಲಿಲ್ಲ. ಅಂದು ಹೊತ್ತಾಗಿದ್ದರಿಂದ ‘ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ’ ಎಂದು ಜಾರಿಕೊಂಡೆ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕಲ್ಲ!

ಮೊದಲಿಗೆ ಒಂದು ಮಾತು. ನಮ್ಮ ಹಿಂದಿನ ತಲೆಮಾರಿನ ಹೋಟೆಲಿಗರಿಗೆ ಪರಿಸರ ಎಂಬ ಶಬ್ದ ಗೊತ್ತಿಲ್ಲದಿದ್ದರೂ ಅದರ ನಡತೆ ಗೊತ್ತಿತ್ತು. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆ ಊಟಕ್ಕೆ ಹೆಸರುವಾಸಿ. ಬಾಳೆಯೆಲೆ, ಸ್ಟೀಲಿನ ಲೋಟ, ತೊಳೆದು ಮತ್ತೆ ಬಳಸುವ ಕಪ್ಪು ಬಸಿ, ಮನೆಯಿಂದಲೇ ಡಬ್ಬಿ ತಂದು ಸಾಂಬಾರು ಒಯ್ಯುವ ಗಿರಾಕಿ: ಇದೇ ಅಂದಿನ ಪದ್ಧತಿ. ಆದ್ದರಿಂದ ‘ಅಪ್ಪನಿಗೆ ತಿಳಿಯದು’ ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ. ತಿಳಿದೂ ಮಾಡಲಾಗದಿರುವುದಕ್ಕೆ ಕಾರಣಗಳಿವೆ. ನಾನು ಮೂವತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತು ಇಂಥ ಹೋಟೆಲುಗಳ ಲೆಕ್ಕಪುಸ್ತಕ ತಿರುವಿದವನು. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲನೆಯ ಅಡ್ಡಿ ಹಣದ್ದು. ಆದರೆ ನೀವು ತಿಳಿದಿರುವ ಬಗೆಯದ್ದಲ್ಲ. ‘ಗ್ಯಾಸು, ವಿದ್ಯುತ್ತು, ನೀರು ಉಳಿಸಿದರೆ ದುಡ್ಡೂ ಉಳಿಯುತ್ತದೆ’ ಎಂದು ನಿಮ್ಮ ಪುಸ್ತಕ ಹೇಳುತ್ತದೆ. ನಿಜವೇ. ಆದರೆ ಯಾರಿಗೆ ಉಳಿಯುತ್ತದೆ, ಯಾವಾಗ ಉಳಿಯುತ್ತದೆ? ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ: ಒಂದು ಒಳ್ಳೆಯ ಉಪಕರಣಕ್ಕೆ 3 ಲಕ್ಷ ರೂಪಾಯಿ, ಅದರಿಂದ ತಿಂಗಳಿಗೆ 10 ಸಾವಿರ ಉಳಿತಾಯ. ಬಡ್ಡಿ ಬಿಟ್ಟರೂ ಹಾಕಿದ ಹಣ ಹಿಂದೆ ಬರಲು 30 ತಿಂಗಳು ಬೇಕು. ಈ ಊರಿನಲ್ಲಿ ಎಷ್ಟೋ ಹೋಟೆಲುಗಳು ನಡೆಯುವುದು ಕಂಡಕ್ಟಿನ ಮೇಲೆ. ಜಾಗ ಒಬ್ಬರದು, ಲೈಸೆನ್ಸ್ ಒಬ್ಬರದು, ದುಡಿಮೆ ಇನ್ನೊಬ್ಬರದು. ಕರಾರಿನಲ್ಲಿ ಉಳಿದಿರುವುದು 24 ತಿಂಗಳಾದರೆ, ದುಡಿಯುವವನು 30 ತಿಂಗಳ ಮರವನ್ನು ಯಾಕೆ ನೆಡುತ್ತಾನೆ? ನೆಟ್ಟವನೊಬ್ಬ, ಹಣ್ಣು ತಿನ್ನುವವನೊಬ್ಬ. ಮಾಲಕನಿಗೆ ಹೇಳಿದರೆ, ‘ಗ್ಯಾಸಿನ ಬಿಲ್ಲು ನಿಮ್ಮದಲ್ಲವೇ, ನೀವೇ ಹಾಕಿಕೊಳ್ಳಿ’ ಎನ್ನುತ್ತಾನೆ. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿ. ಕೆಲಸ ಮಾತ್ರ ಆಗುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. 1990ರ ದಶಕದಲ್ಲಿ ನಮ್ಮೂರ ಕಡೆಯ ಹೋಟೆಲಿಗರೊಬ್ಬರು ನನ್ನ ಮೇಜಿನೆದುರು ಬಂದು ಕುಳಿತರು. ಪಾತ್ರೆ ತೊಳೆಯುವ ಬಿಸಿನೀರಿಗೆ ಸೌರಶಕ್ತಿಯ ಹೀಟರ್ ಹಾಕಿಸಬೇಕು, ಸಾಲ ಕೊಡಿ ಎಂದರು. ಮಹಡಿ ಯಾರದು ಎಂದು ಕೇಳಿದೆ. ಕಟ್ಟಡದ ಮಾಲಕರದ್ದು ಎಂದರು. ಅಡವಿಗೆ ಏನಿದೆ ಎಂದೆ. ಸುಮ್ಮನಾದರು. ಅರ್ಜಿಯ ಮೇಲೆ ಎರಡು ಸಾಲಿನ ಷರಾ ಬರೆದು ಹಿಂದಿರುಗಿಸಿದೆ. “ಆಗಲಿ ಮ್ಯಾನೇಜರ್ರೇ, ನಿಮ್ಮ ಕಷ್ಟ ನಿಮಗೆ” ಎಂದು ಎದ್ದುಹೋದರು. ಅದೇ ವರ್ಷ ಅವರು ಹವಾನಿಯಂತ್ರಿತ ಕೋಣೆ ಮಾಡಿಸಲು ಕೇಳಿದಾಗ ನಾನೇ ಸಾಲ ಮಂಜೂರು ಮಾಡಿದೆ. ಏಕೆಂದರೆ ಅದರಿಂದ ವ್ಯಾಪಾರ ಹೆಚ್ಚುವುದು ಕಾಗದದಲ್ಲಿ ಕಾಣುತ್ತಿತ್ತು. ಉಳಿತಾಯವನ್ನು ಆದಾಯವೆಂದು ನೋಡುವ ಕಣ್ಣು ನನಗಿರಲಿಲ್ಲ. ಅಡ್ಡಿಗಳ ಪಟ್ಟಿಯಲ್ಲಿ ನನ್ನಂಥ ಗುಮಾಸ್ತರ ಹೆಸರನ್ನೂ ಸೇರಿಸಿಕೊಳ್ಳಿ.

ಎರಡನೆಯದು ಜಾಗ. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಹುಟ್ಟಿದಲ್ಲೇ ಬೇರ್ಪಡಿಸಬೇಕೆಂದು ಹೇಳಿದವು. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವವರನ್ನು ದೊಡ್ಡ ಉತ್ಪಾದಕರೆಂದು ಕರೆದವು. ಅಂಥವರು ಹಸಿ ಕಸವನ್ನು ತಾವೇ ಗೊಬ್ಬರ ಮಾಡಿಕೊಳ್ಳಬೇಕೆಂದು ಮುಂಬಯಿ ಮಹಾನಗರಪಾಲಿಕೆ 2017ರ ಅಕ್ಟೋಬರ್ 2ರ ಗಡುವು ಹಾಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಹೋಟೆಲಿನ ಅಡುಗೆಮನೆಯನ್ನು ಒಳಹೊಕ್ಕು ನೋಡಿದ್ದೀರಾ? ಭಟ್ಟರು ದೋಸೆ ಹುಯ್ಯುವಾಗ ಹಿಂದೆ ಸರಿದರೆ ಗ್ರೈಂಡರಿಗೆ ಬೆನ್ನು ತಾಗುತ್ತದೆ. ಅಲ್ಲಿ ಮೂರು ಡಬ್ಬ ಎಲ್ಲಿಡುವುದು, ಗೊಬ್ಬರದ ಯಂತ್ರ ಎಲ್ಲಿಡುವುದು? ತೊಳೆಯುವ ನೀರಿನ ಜಿಡ್ಡು ಗಟಾರಕ್ಕೆ ಹೋಗದಂತೆ ತಡೆಯುವ ಪೆಟ್ಟಿಗೆಯೂ ಹಾಗೆಯೇ. ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ, ಅದನ್ನು ತೆಗೆಯಬೇಕು, ವಿದ್ಯೆ ಇಷ್ಟೇ. ಆದರೆ ಅದಕ್ಕೆ ಜಾಗ ಬೇಕು, ಜೊತೆಗೆ ಮೂಗು ಮುಚ್ಚಿಕೊಂಡು ಅದನ್ನು ತಪ್ಪದೆ ಬಳಿಯುವ ಒಬ್ಬ ಮನುಷ್ಯ ಬೇಕು.

ಆ ಮನುಷ್ಯನೇ ಮೂರನೆಯ ಅಡ್ಡಿ. ಹಿಂದೆ ಹೋಟೆಲಿನ ಹುಡುಗರು ನಮ್ಮ ಊರಿನವರೇ ಆಗಿದ್ದರು. ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತು, ವರ್ಷಗಟ್ಟಲೆ ಒಂದೇ ಕಡೆ ನಿಲ್ಲುತ್ತಿದ್ದರು. ಇಂದು ಬರುವ ಹುಡುಗರು ದೂರದ ರಾಜ್ಯಗಳವರು. ಹಸಿ ಕಸ ಹಸಿರು ಡಬ್ಬಕ್ಕೆ ಎಂದು ಕಲಿಸಿ ಮುಗಿಸುವಷ್ಟರಲ್ಲಿ ನೂರು ರೂಪಾಯಿ ಹೆಚ್ಚಿಗೆ ಸಿಕ್ಕಲ್ಲಿಗೆ ಹೊರಟುಹೋಗುತ್ತಾರೆ. ಅವರನ್ನು ದೂರುವಂತಿಲ್ಲ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನಿಗೆ ಕಸದ ಬಣ್ಣ ನೆನಪಿರಬೇಕೆಂದರೆ ಅವನ ಸಂಬಳದಲ್ಲೂ ಗೌರವದಲ್ಲೂ ಅದು ಕಾಣಬೇಕು. ಇನ್ನು ಬೇರ್ಪಡಿಸಿ ಕೊಟ್ಟ ಕಸವನ್ನು ಕಣ್ಣೆದುರಿಗೇ ಒಂದೇ ಗಾಡಿಗೆ ಸುರಿದುಬಿಟ್ಟರೆ? ಮರುದಿನ ಯಾವ ಹುಡುಗ ನಿಮ್ಮ ಮಾತು ಕೇಳುತ್ತಾನೆ?

ನಾಲ್ಕನೆಯದು ಪಕ್ಕದ ಅಂಗಡಿ. ಮಹಾರಾಷ್ಟ್ರ ಸರಕಾರ 2018ರ ಮಾರ್ಚ್ 23ರಂದು ಪ್ಲಾಸ್ಟಿಕ್ ನಿಷೇಧ ಹೊರಡಿಸಿತು. ಮೂರು ತಿಂಗಳ ಕಾಲಾವಕಾಶದ ನಂತರ ದಂಡ ಶುರುವಾಯಿತು. ಮೊದಲ ಸಲಕ್ಕೆ 5 ಸಾವಿರ, ಎರಡನೆಯದಕ್ಕೆ 10 ಸಾವಿರ, ಮೂರನೆಯದಕ್ಕೆ 25 ಸಾವಿರ ದಂಡ ಮತ್ತು ಮೂರು ತಿಂಗಳ ಸೆರೆ. ಪ್ರಾಮಾಣಿಕರು ಅಂದೇ ಚೀಲ ಡಬ್ಬಿಗಳನ್ನು ಬಿಟ್ಟರು. ಆದರೆ ಗಿರಾಕಿ ಬಂದು, ‘ಪಕ್ಕದವನು ಸಾಂಬಾರು ಚೀಲದಲ್ಲಿ ಕಟ್ಟಿಕೊಡುತ್ತಾನೆ, ನಿಮ್ಮದೇನು?’ ಎಂದು ಕೇಳಿದಾಗ ಉತ್ತರವಿಲ್ಲ. ಕಾನೂನು ಎಲ್ಲರ ಮೇಲೂ ಒಂದೇ ಸಮನೆ ಬೀಳದಿದ್ದರೆ, ಪಾಲಿಸಿದವನಿಗೇ ದಂಡ ತೆತ್ತಂತೆ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಬಂದಾಗಲೂ ಇದೇ ಪ್ರಶ್ನೆ ಎದ್ದಿತು.

ಕರಿದ ಎಣ್ಣೆಯ ಕತೆಯೂ ಇದೇ ಜಾಡಿನದು. 2018ರ ಜುಲೈ 1ರಿಂದ ಜಾರಿಗೆ ಬಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ, ಮತ್ತೆ ಮತ್ತೆ ಕಾಯಿಸಿ ಕೆಟ್ಟ ಅಂಶ ಶೇಕಡ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದು. ಅದನ್ನು ಬಯೋಡೀಸೆಲ್ ಮಾಡುವವರಿಗೆ ಕೊಡಬಹುದು. ಆದರೆ ಹಿಂಬಾಗಿಲಿಗೆ ಬಂದು ಕೈಮೇಲೆ ನಗದು ಎಣಿಸುವವನು ಇದ್ದರೆ, ಆ ಎಣ್ಣೆ ಮತ್ತೆ ಯಾವ ಬೀದಿಯ ಬಾಣಲೆ ಸೇರಿತೆಂದು ಎಲ್ಲರೂ ಕೇಳುವುದಿಲ್ಲ.

ಐದನೆಯದು ಅವಸರದ ಗಡುವು. ಮುಂಬಯಿಯ ಗಾಳಿ ಕೆಟ್ಟಿದೆಯೆಂದು ಬಾಂಬೆ ಹೈಕೋರ್ಟು 2025ರ ಜನವರಿಯಲ್ಲಿ ಕಟ್ಟಿಗೆ, ಇದ್ದಿಲಿನ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸು ಮುಂತಾದ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಇದ್ದಿಲಿನ ತಂದೂರು ಇಟ್ಟ ಹೋಟೆಲುಗಳಿಗೂ ಪಾಲಿಕೆಯ ನೋಟೀಸು ಬಂತು. ಆ ಹೊಗೆ ಕುಡಿಯುವವರು ನಾವೇ ಆದ್ದರಿಂದ ಆದೇಶವನ್ನು ತಪ್ಪೆನ್ನಲಾರೆ. ಆದರೆ ಓಣಿಗೆ ಗ್ಯಾಸಿನ ಕೊಳವೆಯೇ ಬಾರದಿದ್ದರೆ, ಹಳೆಯ ಕಟ್ಟಡದ ಮಾಲಕ ಒಪ್ಪಿಗೆ ಕೊಡದಿದ್ದರೆ, ಆರು ತಿಂಗಳು ಅರ್ಜಿ ಹಿಡಿದು ಓಡಾಡುವುದರಲ್ಲೇ ಕಳೆಯುತ್ತದೆ.

ನಿಮ್ಮ ಪಠ್ಯದಲ್ಲಿ ಐಎಸ್‌ಒ 14001 ಎಂಬ ಮಾನದಂಡವನ್ನು ಓದಿರುತ್ತೀರಿ. 1996ರಲ್ಲಿ ಮೊದಲು ಬಂತು. ಯೋಜಿಸು, ಮಾಡು, ಪರೀಕ್ಷಿಸು, ತಿದ್ದು ಎಂಬುದು ಅದರ ತಿರುಳು. ದೊಡ್ಡ ಕಾರ್ಖಾನೆಗೆ ಅದಕ್ಕೆಂದೇ ಒಂದು ವಿಭಾಗವಿರುತ್ತದೆ. ಹೋಟೆಲಿನಲ್ಲಿ ಗಲ್ಲಾ, ಖರೀದಿ, ಜಗಳ, ನೋಟೀಸು ಎಲ್ಲಕ್ಕೂ ಅಪ್ಪ ಒಬ್ಬರೇ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಆನೆಗೆ ಹೊಲಿದ ಅಂಗಿಯನ್ನು ಇರುವೆಗೆ ತೊಡಿಸಲಾಗದು.

ಹಾಗಾದರೆ ಕೈಕಟ್ಟಿ ಕೂರೋಣವೇ? ಕೂತರೆ ಏನಾಗುತ್ತದೆ ಎಂಬುದಕ್ಕೆ ತಿರುಪ್ಪೂರು ಸಾಕ್ಷಿ. ಅಲ್ಲಿನ ಬಣ್ಣದ ಘಟಕಗಳ ಉಪ್ಪುನೀರು ನೊಯ್ಯಲ್ ನದಿಗೆ ಸೇರುತ್ತಿತ್ತು. ನೊಯ್ಯಲ್ ಹೋಗಿ ಸೇರುವುದು ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನೇ. ಕೆಳಗಿನ ರೈತರ ಹೊಲ, ಬಾವಿ ಕೆಟ್ಟವು. ಘಟಕದವರು ದುಷ್ಟರಾಗಿದ್ದರೆಂದಲ್ಲ. ಉಪ್ಪು ಬೇರ್ಪಡಿಸುವ ಯಂತ್ರ ದುಬಾರಿ, ಅದನ್ನು ಓಡಿಸುವ ವಿದ್ಯುತ್ತೂ ದುಬಾರಿ. ಬನಿಯನ್ ಕೊಳ್ಳುವವರು ಅದಕ್ಕಾಗಿ ಹೆಚ್ಚು ಬೆಲೆ ಕೊಡರು. ಮುಂದೂಡುತ್ತ ಮುಂದೂಡುತ್ತ ಕೊನೆಗೆ 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಎಲ್ಲ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಏಳುನೂರಕ್ಕೂ ಹೆಚ್ಚು ಘಟಕಗಳು ಒಂದೇ ಏಟಿಗೆ ನಿಂತವು. ಕೂಲಿಗಳು ಊರು ಬಿಟ್ಟರು. ಮತ್ತೆ ಬಾಗಿಲು ತೆರೆದದ್ದು ಹೊರಗೆ ಹನಿ ನೀರೂ ಬಿಡಬಾರದೆಂಬ ಷರತ್ತಿನ ಮೇಲೆ. ಒಬ್ಬೊಬ್ಬರಿಂದ ಆಗದ್ದನ್ನು ಹಲವರು ಕೂಡಿ ಕಟ್ಟಿಕೊಂಡ ಸಾಮೂಹಿಕ ಶುದ್ಧೀಕರಣ ಕೇಂದ್ರಗಳೇ ಬಹುಪಾಲು ಸಣ್ಣವರಿಗೆ ಆಸರೆಯಾದವು.

ನಮಗೂ ಪಾಠ ಅಲ್ಲೇ ಇದೆ. ಒಂದು ಹೋಟೆಲಿಗೆ ಗೊಬ್ಬರದ ಜಾಗವಿಲ್ಲ. ಹತ್ತು ಹೋಟೆಲು ಸೇರಿದರೆ ಒಂದು ಗಾಡಿ, ಒಂದು ಜಾಗ ಗೊತ್ತುಮಾಡಬಹುದು. ಒಬ್ಬ ಅರ್ಧ ಲೋಟ ನೀರಿಟ್ಟರೆ ಜಿಪುಣನೆನ್ನುತ್ತಾರೆ. ಪುಣೆಯಲ್ಲಿ 2018ರ ಸುಮಾರಿಗೆ ಹಲವು ಹೋಟೆಲಿನವರು ಒಟ್ಟಾಗಿ ಅರ್ಧ ಲೋಟ ಇಡತೊಡಗಿದಾಗ ಅದು ಊರಿನ ರೂಢಿಯಂತಾಯಿತು. ಮುಂಬಯಿಯ ಹೋಟೆಲಿಗರಿಗೆ ‘ಆಹಾರ್’ ಸಂಘಟನೆಯಿದೆ, ನಮ್ಮಂಥ ಕನ್ನಡ ಸಂಘಗಳಿವೆ. ನಾಟಕ, ಯಕ್ಷಗಾನಕ್ಕೆ ಕೂಡುವ ನಾವು ಕಸಕ್ಕೂ ಒಮ್ಮೆ ಕೂಡಬಾರದೇಕೆ?

ಇನ್ನು ಆ ಹುಡುಗಿಯ ಪ್ರಶ್ನೆ. ಮೊನ್ನೆ ಅವಳಿಗೆ ಫೋನು ಮಾಡಿ ಹೇಳಿದೆ: “ನೋಡು ಮಗಳೇ, ಅಪ್ಪನಿಗೆ ಪಾಠ ಹೇಳಬೇಡ, ಲೆಕ್ಕ ಬರೆದುಕೊಡು. ಮೂರು ತಿಂಗಳು ದಿನವೂ ಕಸ ತೂಗು. ಗ್ಯಾಸು, ನೀರು, ಕರಿದ ಎಣ್ಣೆ ಎಷ್ಟೆಂದು ಒಂದು ನೋಟುಪುಸ್ತಕದಲ್ಲಿ ಬರೆ. ವಾರ್ಡ್ ಆಫೀಸಿಗೆ ನೀನು ಹೋಗು, ಅಪ್ಪನಿಗೆ ಅದಕ್ಕೆ ಹೊತ್ತಿಲ್ಲ. ಕರಾರು ನವೀಕರಿಸುವಾಗ ಉಪಕರಣದ ಖರ್ಚು ಯಾರ ಪಾಲಿಗೆಂದು ಒಂದು ಸಾಲು ಸೇರಿಸಲು ಹೇಳು.”

ಮರುವಾರ ನಾನೇ ಅವರ ಹೋಟೆಲಿಗೆ ಕಾಫಿಗೆ ಹೋದೆ. ಗಲ್ಲಾದ ಪಕ್ಕದಲ್ಲಿ ಹಳೆಯದೊಂದು ತಕ್ಕಡಿ ಇತ್ತು. ಅಪ್ಪ ನಗುತ್ತ, “ನೋಡಿ ಮ್ಯಾನೇಜರ್ರೇ, ತಟ್ಟೆಯಲ್ಲಿ ಉಳಿಯುವ ಚಟ್ನಿಯೇ ದಿನಕ್ಕೆ ಇಷ್ಟೊಂದು ಅಂತ ನನಗೇ ಗೊತ್ತಿರಲಿಲ್ಲ. ಈಗ ಸಣ್ಣ ಬಟ್ಟಲಲ್ಲಿ ಕೊಡುತ್ತೇವೆ, ಬೇಕಾದವರಿಗೆ ಮತ್ತೆ ಹಾಕುತ್ತೇವೆ” ಎಂದರು. ಜಿಡ್ಡಿನ ಪೆಟ್ಟಿಗೆ ಇನ್ನೂ ಬಂದಿಲ್ಲ. ಮಾಲಕರ ಜೊತೆ ಮಾತು ನಡೆಯುತ್ತಿದೆಯಂತೆ. ಆಗುತ್ತದೋ ಇಲ್ಲವೋ, ಹೇಳಲಾರೆ. ಆದರೆ ಆ ನೋಟುಪುಸ್ತಕ ಕಂಡಾಗ ನನಗೆ ಹಿಂದಿರುಗಿಸಿದ ಆ ಸೌರ ಹೀಟರಿನ ಅರ್ಜಿ ನೆನಪಾಯಿತು. ಅಂದು ಇಂಥದೊಂದು ಲೆಕ್ಕ ಬರೆದುಕೊಡುವ ಮಗಳು ಅವರಿಗಿದ್ದಿದ್ದರೆ, ಅಥವಾ ಅದನ್ನು ಕೇಳಿ ಪಡೆಯುವ ವಿವೇಕ ನನಗಿದ್ದಿದ್ದರೆ!

ಹೋಟೆಲಾಗಲಿ, ಛಾಪಖಾನೆಯಾಗಲಿ, ಸಣ್ಣ ವರ್ಕ್‌ಶಾಪಾಗಲಿ, ನಿಮ್ಮ ಮನೆಯ ಉದ್ಯೋಗದಲ್ಲಿ ಒಂದು ತಿಂಗಳ ಇಂಥ ಲೆಕ್ಕ ಬರೆದು ಸಂಘದ ವಿಳಾಸಕ್ಕೆ ಕಳುಹಿಸಿ. ಕನ್ನಡದಲ್ಲಿ ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ, ತಿದ್ದಲು ನಾನಿದ್ದೇನೆ. ಅಂಕಿಗಳು ಮಾತ್ರ ಸರಿಯಿರಲಿ.